ವೈದ್ಯರು, ನರ್ಸ್, ಫಾರ್ಮಸಿಸ್ಟ್, ಫಿಸಿಯೋಥೆರಪಿಸ್ಟ್ ಒಂದೇ ಅಧ್ಯಯನದಲ್ಲಿ: ತಂಡ ಕಟ್ಟಿ ಸಂಶೋಧನೆ ನಡೆಸುವ ಬಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಕಾಲೇಜುಗಳ ಬೋಧಕರು, ತಾಲೂಕು ಆಸ್ಪತ್ರೆಗಳ ಸಿಬ್ಬಂದಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ‘ಬೇರೆ ಬೇರೆ ವೃತ್ತಿಯವರು ಕೂಡಿ ಒಂದು ಅಧ್ಯಯನ ಮಾಡಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡಬೇಕು, ಯಾರನ್ನು ಕೇಳಬೇಕು, ಕೊನೆಗೆ ಹೆಸರು ಯಾರದು ಬರುತ್ತದೆ?’ ಮೂರಕ್ಕೂ ಇಲ್ಲಿ ಉತ್ತರ ಕೊಡುತ್ತೇನೆ. ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಳ್ಳೋಣ: ಇಳಕಲ್ ಪಟ್ಟಣದ ಕೈಮಗ್ಗ ನೇಕಾರ ಕುಟುಂಬಗಳಲ್ಲಿ ಬೆನ್ನುನೋವು ಎಷ್ಟಿದೆ, ಅದಕ್ಕೆ ಅವರು ಏನು ಮಾಡಿಕೊಳ್ಳುತ್ತಿದ್ದಾರೆ?

ಇಂಥ ತಂಡಗಳಿಗೆ ನಮ್ಮ ಭಾಗದಲ್ಲೇ ಒಳ್ಳೆಯ ಮಾದರಿ ಇದೆ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ನೆರವಾಗುತ್ತದೆಯೇ ಎಂಬ ಪ್ರಯೋಗ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಂದಿಗೆ ಸೇರಿ ನಡೆಸಿದ ಅಧ್ಯಯನ ಅದು. 1620 ಮಹಿಳೆಯರು ಭಾಗವಹಿಸಿದ್ದರು. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ಎಷ್ಟು ರಕ್ತ ಹೋಯಿತೆಂದು ಅಳೆದವರು 25 ಮಂದಿ ಎಎನ್‌ಎಂಗಳು, ಅಂದರೆ ಉಪಕೇಂದ್ರದ ಶುಶ್ರೂಷಕಿಯರು. ಕಣ್ಣಂದಾಜಿನಲ್ಲಿ ಬರೆಯುವ ಬದಲು ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಹಾಳೆಚೀಲವನ್ನು ತಾಯಿಯ ಕೆಳಗೆ ಹಾಸಿ ರಕ್ತ ಸಂಗ್ರಹಿಸಿ ಅಳೆದರು. ಔಷಧವಿಲ್ಲದ ತೋರಿಕೆಯ ಮಾತ್ರೆ ಪಡೆದವರಲ್ಲಿ ಶೇ 12 ಮಂದಿಗೆ ಅತಿಯಾದ ರಕ್ತಸ್ರಾವವಾಗಿತ್ತು, ಮಿಸೊಪ್ರೊಸ್ಟಾಲ್ ಪಡೆದವರಲ್ಲಿ ಅದು ಶೇ 6.4ಕ್ಕೆ ಇಳಿದಿತ್ತು. ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತಜ್ಞವೈದ್ಯರ ಯೋಜನೆ, ಶುಶ್ರೂಷಕಿಯರ ಕೈ, ಸಂಖ್ಯಾಶಾಸ್ತ್ರಜ್ಞರ ಲೆಕ್ಕ, ಇವುಗಳಲ್ಲಿ ಒಂದು ಇಲ್ಲದಿದ್ದರೂ ಆ ಕೆಲಸ ಆಗುತ್ತಿರಲಿಲ್ಲ.

ಮೊದಲು ಕೈಯಲ್ಲಿ ಇರಬೇಕಾದವು

ಐದಾರು ಜನ ಸಾಕು. ನಮ್ಮ ಉದಾಹರಣೆಗೆ ಸಮುದಾಯ ವೈದ್ಯಶಾಸ್ತ್ರದ ಒಬ್ಬ ವೈದ್ಯರು, ಒಬ್ಬ ಫಿಸಿಯೋಥೆರಪಿಸ್ಟ್, ಒಬ್ಬ ನರ್ಸಿಂಗ್ ಬೋಧಕಿ, ಒಬ್ಬ ಫಾರ್ಮಸಿಸ್ಟ್, ಒಬ್ಬ ಸಂಖ್ಯಾಶಾಸ್ತ್ರಜ್ಞರು, ಆ ಬಡಾವಣೆಯ ಒಬ್ಬ ಆಶಾ ಕಾರ್ಯಕರ್ತೆ. ನೇಕಾರರು ಎಣ್ಣೆ ಮಾಲೀಸಿಗೆ ಹೋಗುವುದು ಹೆಚ್ಚಿದ್ದರೆ ಒಬ್ಬ ಆಯುರ್ವೇದ ವೈದ್ಯರನ್ನೂ ಸೇರಿಸಿಕೊಳ್ಳಿ. ಇದರ ಜೊತೆಗೆ ಒಂದು ನೋಂದಾಯಿತ ನೈತಿಕ ಸಮಿತಿ (ಅಧ್ಯಯನದಲ್ಲಿ ಭಾಗವಹಿಸುವವರ ಹಿತ ಕಾಯಲು ಯೋಜನೆಯನ್ನು ಪರಿಶೀಲಿಸುವ ಸಮಿತಿ) ಇರುವ ಸಂಸ್ಥೆಯ ಆಸರೆ, ಓಡಾಟಕ್ಕೂ ಮುದ್ರಣಕ್ಕೂ ಅಷ್ಟಿಷ್ಟು ಹಣ, ಮತ್ತು ಎಲ್ಲರಿಗೂ ಹೊಂದುವ ಒಂದು ವೇಳೆ ಬೇಕು. ಕೊನೆಯದನ್ನು ಹಗುರವಾಗಿ ಕಾಣಬೇಡಿ. ವೈದ್ಯರ ಬೆಳಗಿನ ಹೊರರೋಗಿ ವಿಭಾಗ, ನರ್ಸ್‌ಗಳ ಪಾಳಿ, ಬೋಧಕರ ತರಗತಿ, ಆಶಾ ಕಾರ್ಯಕರ್ತೆಯ ಮನೆಭೇಟಿ ಇವೆಲ್ಲದರ ನಡುವೆ ಹದಿನೈದು ದಿನಕ್ಕೊಮ್ಮೆ ಮುಕ್ಕಾಲು ಗಂಟೆ ಸಿಗದಿದ್ದರೆ ತಂಡ ಹೆಸರಿಗಷ್ಟೇ ಉಳಿಯುತ್ತದೆ.

1. ಪ್ರಶ್ನೆಯನ್ನು ಎಲ್ಲರೂ ಕೂತು ಕಟ್ಟಿ

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಮ್ಮಲ್ಲಿ ಹೆಚ್ಚಿನ ಕಡೆ ನಡೆಯುವುದು ಹೀಗೆ: ಒಬ್ಬ ಹಿರಿಯರು ಪ್ರಶ್ನೆಯನ್ನೂ ಪ್ರಶ್ನಾವಳಿಯನ್ನೂ ಸಿದ್ಧ ಮಾಡಿಕೊಂಡು ಬರುತ್ತಾರೆ, ಉಳಿದವರಿಗೆ ‘ಇದನ್ನು ತುಂಬಿಸಿಕೊಂಡು ಬನ್ನಿ’ ಎನ್ನುತ್ತಾರೆ. ಅದಕ್ಕೆ ಬಹುವೃತ್ತಿ ಸಂಶೋಧನೆ ಎಂಬ ಹೆಸರು ಸಲ್ಲದು. ಅಲ್ಲಿ ಒಂದೇ ತಲೆ ಇದೆ, ಕೈಗಳು ಮಾತ್ರ ಹಲವು.

ಇಳಕಲ್ಲಿನ ಪ್ರಶ್ನೆಯನ್ನೇ ನೋಡಿ. ವೈದ್ಯರು ಒಬ್ಬರೇ ಬರೆದರೆ ‘ಬೆನ್ನುನೋವು ಎಷ್ಟು ಜನರಿಗಿದೆ’ ಎಂದು ಬರೆಯುತ್ತಾರೆ. ಕುಣಿಮಗ್ಗದಲ್ಲಿ ಕಾಲು ಕುಣಿಯೊಳಗಿರುತ್ತದೆ, ಬೆನ್ನಿಗೆ ಆಸರೆ ಇರುವುದಿಲ್ಲ, ಹಲಗೆಯ ಎತ್ತರ ನೇಕಾರನ ಎತ್ತರಕ್ಕೆ ಹೊಂದಿರುವುದಿಲ್ಲ. ಆದ್ದರಿಂದ ಕೂರುವ ಭಂಗಿಯನ್ನೂ ಅಳೆಯಬೇಕು ಎಂದು ಫಿಸಿಯೋಥೆರಪಿಸ್ಟ್ ಹೇಳುತ್ತಾರೆ. ಇವರಲ್ಲಿ ಎಷ್ಟು ಜನ ಚೀಟಿ ಇಲ್ಲದೆ ನೋವಿನ ಮಾತ್ರೆ ಕೊಳ್ಳುತ್ತಾರೆ ಎಂಬುದು ಫಾರ್ಮಸಿಸ್ಟ್‌ಗೆ ಗೊತ್ತು. ಡೈಕ್ಲೊಫಿನಾಕ್‌ನಂಥ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು, ರಕ್ತದೊತ್ತಡ ಏರಬಹುದು. ಹಾಗಾಗಿ ಅವರು ಔಷಧಿಯ ಪ್ರಶ್ನೆ ಸೇರಿಸುತ್ತಾರೆ, ಅದನ್ನು ಕೇಳಿದ ನರ್ಸ್ ‘ಹಾಗಿದ್ದರೆ ರಕ್ತದೊತ್ತಡವನ್ನೂ ನೋಡೋಣ’ ಎನ್ನುತ್ತಾರೆ. ಇನ್ನು ಮಗ್ಗದ ಮೇಲೆ ಕೂತವರನ್ನಷ್ಟೇ ಮಾತಾಡಿಸಿದರೆ ಮನೆಯ ಹೆಂಗಸರು ತಪ್ಪಿಹೋಗುತ್ತಾರೆ, ಅವರು ನೆಲದ ಮೇಲೆ ಕೂತು ಗಂಟೆಗಟ್ಟಲೆ ಕಂಡಿಕೆ (ಲಾಳಿಯೊಳಗೆ ಇಡುವ ನೂಲಿನ ಸುರುಳಿ) ಸುತ್ತುತ್ತಾರೆ ಎಂಬ ಮಾತು ಬರುವುದು ಆಶಾ ಕಾರ್ಯಕರ್ತೆಯಿಂದ. ಈ ಕೊನೆಯ ಮಾತಿನಿಂದ ಅಧ್ಯಯನದ ಅರ್ಧ ಭಾಗವೇ ಬದಲಾಗುತ್ತದೆ. ಪ್ರಶ್ನಾವಳಿ ಮುದ್ರಣವಾದ ಮೇಲೆ ಅವರನ್ನು ಕರೆದಿದ್ದರೆ ಆ ಮಾತು ಎಲ್ಲಿ ಬರುತ್ತಿತ್ತು?

ಎಚ್ಚರಿಕೆ: ಒಂದೇ ಮೇಜಿನ ಸುತ್ತ ಕೂರಿಸಿದ ಮಾತ್ರಕ್ಕೆ ಎಲ್ಲರೂ ಮಾತಾಡುವುದಿಲ್ಲ. ವಿಭಾಗದ ಮುಖ್ಯಸ್ಥರು ಮೊದಲು ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರು ‘ಹೌದು ಸರ್’ ಎಂದು ಸುಮ್ಮನಾಗುತ್ತಾರೆ. ಕ್ರಮವನ್ನು ತಿರುಗಿಸಿ. ಆಶಾ ಕಾರ್ಯಕರ್ತೆ ಮೊದಲು, ಆಮೇಲೆ ನರ್ಸ್, ಫಾರ್ಮಸಿಸ್ಟ್, ಫಿಸಿಯೋಥೆರಪಿಸ್ಟ್, ಕಡೆಗೆ ಹಿರಿಯ ವೈದ್ಯರು. ಸಭೆಗೆ ಮುಂಚೆ ಪ್ರತಿಯೊಬ್ಬರೂ ತಮ್ಮ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ತಂದರೆ ಇನ್ನೂ ಒಳ್ಳೆಯದು. ಕೆಲವು ಹಿರಿಯರಿಗೆ ಇದು ಹಿಡಿಸದಿರಬಹುದು. ಆದರೂ ಮಾಡಿ.

2. ಒಂದು ಪುಟದ ಒಪ್ಪಂದ ಬರೆದಿಡಿ

ಸಂಬಂಧ ಚೆನ್ನಾಗಿರುವಾಗಲೇ ಇದನ್ನು ಬರೆಯಬೇಕು. ಮುಖ್ಯ ಸಂಶೋಧಕರು ಯಾರು, ಅಂದರೆ ನೈತಿಕ ಸಮಿತಿಗೂ ಸಂಸ್ಥೆಗೂ ಉತ್ತರ ಕೊಡುವ ಹೊಣೆ ಯಾರದು. ಯಾವ ಕೆಲಸ ಯಾರದು, ಯಾವ ತಿಂಗಳೊಳಗೆ. ಸಂಗ್ರಹವಾದ ದತ್ತಾಂಶ, ಅಂದರೆ ಅಧ್ಯಯನದಲ್ಲಿ ಕಲೆಹಾಕಿದ ಮಾಹಿತಿ, ಯಾರ ವಶದಲ್ಲಿರುತ್ತದೆ, ಯಾರು ನೋಡಬಹುದು. ಲೇಖಕರ ಹೆಸರು ಯಾವ ಆಧಾರದ ಮೇಲೆ ನಿರ್ಧಾರವಾಗುತ್ತದೆ. ಯಾರಾದರೂ ನಡುವೆ ಬಿಟ್ಟುಹೋದರೆ ಏನು. ಸರ್ಕಾರಿ ನೌಕರರಿಗೆ ವರ್ಗಾವಣೆ ಯಾವಾಗ ಬೇಕಾದರೂ ಬರುವ ನಮ್ಮ ವ್ಯವಸ್ಥೆಯಲ್ಲಿ ಈ ಕೊನೆಯ ಅಂಶ ಬಹಳ ಮುಖ್ಯ.

ಇಲ್ಲಿ ಆಗಾಗ ಕಾಣುವ ತೊಡಕು ಸ್ನಾತಕೋತ್ತರ ವಿದ್ಯಾರ್ಥಿಯ ಪ್ರಬಂಧ. ವಿದ್ಯಾರ್ಥಿಗೆ ಅದು ಪದವಿಯ ಪ್ರಶ್ನೆ, ತಂಡಕ್ಕೆ ಎಲ್ಲರ ದುಡಿಮೆ. ಅಧ್ಯಯನದ ಯಾವ ಭಾಗ ವಿದ್ಯಾರ್ಥಿಯ ಪ್ರಬಂಧಕ್ಕೆ ಹೋಗುತ್ತದೆ, ಯಾವುದು ತಂಡದ ಲೇಖನವಾಗಿ ಉಳಿಯುತ್ತದೆ ಎಂದು ಮೊದಲೇ ಗೆರೆ ಎಳೆದಿಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾತುಕತೆ ನಡೆಯಲಿ, ಆದರೆ ನಿರ್ಧಾರಗಳು ದಿನಾಂಕದೊಂದಿಗೆ ಒಂದು ನಿರ್ಣಯ ಪುಸ್ತಕದಲ್ಲಿ ಇರಲಿ.

3. ಸಂಖ್ಯಾಶಾಸ್ತ್ರಜ್ಞರ ಬಳಿ ಈಗಲೇ ಹೋಗಿ

ಮಾಹಿತಿ ಎಲ್ಲ ಸಂಗ್ರಹಿಸಿದ ಮೇಲೆ ‘ಇದನ್ನು ಸ್ವಲ್ಪ ಅನಲೈಸ್ ಮಾಡಿಕೊಡಿ’ ಎಂದು ಹೋದರೆ ಅವರು ಸರಿಪಡಿಸಲಾಗದ ದೋಷಗಳನ್ನು ತೋರಿಸಬಲ್ಲರು, ಅಷ್ಟೇ. ಎಷ್ಟು ಜನರನ್ನು ಅಧ್ಯಯನಕ್ಕೆ ತೆಗೆದುಕೊಳ್ಳಬೇಕು ಎಂಬ ಲೆಕ್ಕಕ್ಕೆ ‘ಮಾದರಿ ಗಾತ್ರ’ ಎನ್ನುತ್ತಾರೆ. ಲೆಕ್ಕ ಹೇಗೆ ಬೆಳೆಯುತ್ತದೆ ನೋಡಿ. ಅರ್ಧದಷ್ಟು ಜನರಿಗೆ ಬೆನ್ನುನೋವು ಇರಬಹುದೆಂದು ಅಂದಾಜಿಟ್ಟು, ಶೇ 95ರ ವಿಶ್ವಾಸಮಟ್ಟದಲ್ಲಿ ಐದು ಅಂಶ ಆಚೀಚೆ ಆಗಬಹುದೆಂದು ಒಪ್ಪಿಕೊಂಡರೆ 384 ಜನ ಬೇಕು. ಆದರೆ ನೀವು ಓಣಿಗಳನ್ನು ಆರಿಸಿ ಓಣಿಯೊಳಗಿನ ಮನೆಗಳಿಗೆ ಹೋಗುತ್ತೀರಿ. ಒಂದೇ ಓಣಿಯವರ ಬದುಕು ಒಂದೇ ಥರ ಇರುತ್ತದೆ, ಹೀಗಾಗಿ ಅವರಿಂದ ಸಿಗುವ ಹೊಸ ಮಾಹಿತಿ ಕಡಿಮೆ. ಅದನ್ನು ತುಂಬಲು ಒಂದೂವರೆ ಪಟ್ಟು ಮಾಡಿದರೆ 576. ನೂರಕ್ಕೆ ಹತ್ತು ಜನ ಒಪ್ಪದೆ ಹೋಗಬಹುದೆಂದು ಲೆಕ್ಕ ಹಾಕಿದರೆ 640. ತಂಡದ ಇಬ್ಬರು ಜೋಡಿಯಾಗಿ ಹೋಗುತ್ತಾರೆ, ದಿನಕ್ಕೆ ಒಂದು ಜೋಡಿ ಎಂಟು ಜನರನ್ನು ನೋಡಬಲ್ಲದು ಎಂದುಕೊಳ್ಳಿ. 80 ದಿನದ ಕೆಲಸ. ತಂಡಕ್ಕೆ ಅದು ಆಗದ ಮಾತಾದರೆ ಪ್ರಶ್ನೆಯನ್ನು ಕಿರಿದು ಮಾಡುವ ಹೊತ್ತು ಇದೇ.

4. ನೈತಿಕ ಸಮಿತಿ ಮತ್ತು ಅನುಮತಿಗಳು

ಮನುಷ್ಯರ ಮೇಲೆ ನಡೆಯುವ ಆರೋಗ್ಯ ಸಂಶೋಧನೆಗೆ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯೇ ಆಧಾರ. ಬರೀ ಪ್ರಶ್ನೆ ಕೇಳುವ ಸಮೀಕ್ಷೆಯಾದರೂ ಸಮಿತಿಯ ಮುಂದೆ ಹೋಗಬೇಕು. ವಿನಾಯಿತಿ, ತ್ವರಿತ ಪರಿಶೀಲನೆ, ಪೂರ್ಣ ಸಭೆಯ ಪರಿಶೀಲನೆ ಎಂಬ ಮೂರು ದಾರಿಗಳಿವೆ. ನಿಮ್ಮದು ಯಾವುದು ಎಂದು ನಿರ್ಧರಿಸುವವರು ಸಮಿತಿಯವರು, ನೀವಲ್ಲ. ಸಮಿತಿಯಲ್ಲಿ ವೈದ್ಯರಲ್ಲದೆ ಕಾನೂನು ಬಲ್ಲವರು, ಸಮಾಜವಿಜ್ಞಾನಿ, ಜನಸಾಮಾನ್ಯರ ಪರವಾಗಿ ಒಬ್ಬರು ಇರುತ್ತಾರೆ, ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಇಂಥ ಸಮಿತಿ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಾಯಿಸಿಕೊಂಡಿರಬೇಕು. ನಿಮ್ಮ ಕಾಲೇಜಿನಲ್ಲಿ ಸಮಿತಿ ಇಲ್ಲದಿದ್ದರೆ ಪಕ್ಕದ ಸಂಸ್ಥೆಯ ಸಮಿತಿಯನ್ನು ಕೇಳಿಕೊಳ್ಳಲು ಅವಕಾಶವಿದೆ, ಎರಡೂ ಸಂಸ್ಥೆಗಳ ನಡುವೆ ಲಿಖಿತ ಒಪ್ಪಂದ ಬೇಕು. ತಂಡದವರು ಎರಡು ಮೂರು ಸಂಸ್ಥೆಗಳಿಗೆ ಸೇರಿದವರಾಗಿದ್ದರೆ ಪ್ರತಿ ಸಂಸ್ಥೆಯಲ್ಲೂ ಮೊದಲೇ ವಿಚಾರಿಸಿ.

ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಕೆಲಸ ಮಾಡಲು, ಆಶಾ ಕಾರ್ಯಕರ್ತೆಯರನ್ನೂ ಎಎನ್‌ಎಂಗಳನ್ನೂ (ಈಗ ನಮ್ಮ ರಾಜ್ಯದಲ್ಲಿ ಇವರು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳು) ಸೇರಿಸಿಕೊಳ್ಳಲು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಯ ಪತ್ರ ಪಡೆಯಿರಿ. ತಾಲೂಕು ಆರೋಗ್ಯಾಧಿಕಾರಿಗೂ ವೈದ್ಯಾಧಿಕಾರಿಗೂ ಅದರ ಪ್ರತಿ ಹೋಗಲಿ. ‘ಬಾಯಿಮಾತಿನಲ್ಲಿ ಒಪ್ಪಿದ್ದಾರೆ’ ಎಂಬುದನ್ನು ನಂಬಿ ಊರಿಗೆ ಇಳಿದರೆ ಅಧಿಕಾರಿ ಬದಲಾದ ದಿನ ಕೆಲಸ ನಿಲ್ಲುತ್ತದೆ.

ಒಪ್ಪಿಗೆ ಪತ್ರ ಕನ್ನಡದಲ್ಲಿ ಇದ್ದರೆ ಸಾಲದು. ಬೆಳಗಾವಿಯಲ್ಲಿ ಮರಾಠಿ, ವಿಜಯಪುರದಲ್ಲಿ ಉರ್ದು ಮಾತಾಡುವ ಮನೆಗಳು ಬಹಳ. ತಾಂಡಾಗಳಲ್ಲಿ ಲಂಬಾಣಿ ಬಲ್ಲವರು ಜೊತೆಗಿರಬೇಕು. ಓದಲು ಬಾರದವರಿಗೆ ಇಡೀ ಪತ್ರ ಓದಿ ಹೇಳಿ, ತಂಡಕ್ಕೆ ಸೇರದ ಸಾಕ್ಷಿಯೊಬ್ಬರ ಎದುರು ಹೆಬ್ಬೆಟ್ಟಿನ ಗುರುತು ಪಡೆದು ಸಾಕ್ಷಿಯ ಸಹಿ ಹಾಕಿಸಿ.

ಮುಂದೆ ನೀವು ವ್ಯಾಯಾಮ ಕಲಿಸಿ ನೋವು ಕಡಿಮೆಯಾಯಿತೇ ಎಂದು ನೋಡುವ ಪ್ರಯೋಗಕ್ಕೆ ಹೋದರೆ ಸಿಟಿಆರ್‌ಐನಲ್ಲಿ, ಅಂದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಜಾಲತಾಣದಲ್ಲಿ, ನೋಂದಾಯಿಸಬೇಕು. ಶುಲ್ಕವಿಲ್ಲ. ಆದರೆ 2018ರ ಏಪ್ರಿಲ್ 1ರಿಂದ ಮೊದಲ ವ್ಯಕ್ತಿ ಸೇರುವ ಮುಂಚೆಯೇ ನೋಂದಣಿ ಆಗಿರಬೇಕು. ನಂತರ ಮಾಡಿಸಲು ದಾರಿಯಿಲ್ಲ, ಮತ್ತು ನೋಂದಣಿ ಇಲ್ಲದ ಪ್ರಯೋಗವನ್ನು ಒಳ್ಳೆಯ ಪತ್ರಿಕೆಗಳು ಮುಟ್ಟುವುದಿಲ್ಲ.

5. ಎಲ್ಲರ ಕೈಯಲ್ಲೂ ಒಂದೇ ಅಳತೆ

ಬೇರೆ ಬೇರೆ ವೃತ್ತಿಯವರು ಬೇರೆ ಬೇರೆ ಅಭ್ಯಾಸ ಹೊತ್ತು ಬರುತ್ತಾರೆ. ರಕ್ತದೊತ್ತಡ ನೋಡುವುದನ್ನೇ ತೆಗೆದುಕೊಳ್ಳಿ. ಎಲ್ಲರಿಗೂ ಬರುತ್ತದೆ, ಎಲ್ಲರೂ ಬೇರೆ ಥರ ಮಾಡುತ್ತಾರೆ. ಆದ್ದರಿಂದ ಬರೆದಿಡಿ: ಅರ್ಧ ಗಂಟೆಯಿಂದ ಚಹಾ, ತಂಬಾಕು ಇಲ್ಲ. ಐದು ನಿಮಿಷ ಸುಮ್ಮನೆ ಕೂತಿರಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲಿಲ್ಲ. ತೋಳು ಎದೆಯ ಮಟ್ಟದಲ್ಲಿ, ಪಟ್ಟಿ ಬರಿಯ ತೋಳಿಗೆ, ತೋಳಿನ ಸುತ್ತಳತೆಗೆ ಹೊಂದುವ ಗಾತ್ರದ್ದು. ಅಳೆಯುವಾಗ ಇಬ್ಬರೂ ಮಾತಾಡಬಾರದು. ಒಂದು ನಿಮಿಷದ ಅಂತರದಲ್ಲಿ ಎರಡು ಸಲ. ಆಮೇಲೆ ಬಂದ ಅಂಕಿಗಳ ಮೇಲೆ ಕಣ್ಣಾಡಿಸಿ. 120, 130, 140 ಎಂದು ಸೊನ್ನೆಯಲ್ಲಿ ಮುಗಿಯುವ ಅಂಕಿಗಳೇ ಸಾಲುಗಟ್ಟಿದ್ದರೆ ಯಾರೋ ಓದಿದ್ದನ್ನು ದುಂಡಗೆ ಮಾಡಿ ಬರೆಯುತ್ತಿದ್ದಾರೆ ಎಂದು ಅರ್ಥ.

ಫಿಸಿಯೋಥೆರಪಿಸ್ಟ್ ಮಾಡುವ ಬಗ್ಗುವ ಪರೀಕ್ಷೆಯೂ ಹಾಗೆಯೇ. ಬರಿಗಾಲಲ್ಲಿ ನಿಂತು, ಮೊಣಕಾಲು ಮಡಚದೆ ಮುಂದಕ್ಕೆ ಬಗ್ಗಿದಾಗ ನಡುಬೆರಳ ತುದಿಗೂ ನೆಲಕ್ಕೂ ಇರುವ ಅಂತರವನ್ನು ಟೇಪಿನಲ್ಲಿ ಅಳೆಯುತ್ತಾರೆ. ಅದೇ ಮನುಷ್ಯ ಬೆಳಗ್ಗೆ ಏಳು ಗಂಟೆಗೆ ಬಗ್ಗುವುದಕ್ಕೂ ದಿನವಿಡೀ ನೇಯ್ದು ಸಂಜೆ ಬಗ್ಗುವುದಕ್ಕೂ ವ್ಯತ್ಯಾಸವಿರುತ್ತದೆ. ಒಂದು ಜೋಡಿ ಬೆಳಗ್ಗೆ, ಇನ್ನೊಂದು ಜೋಡಿ ಸಂಜೆ ಹೋದರೆ ನೀವು ಅಳೆದದ್ದು ಹೊತ್ತನ್ನು, ಬೆನ್ನನ್ನಲ್ಲ. ಸಮಯವನ್ನು ನಿಗದಿ ಮಾಡಿ ಹಾಳೆಯಲ್ಲಿ ನಮೂದಿಸಿ.

ನೋವಿನ ಪ್ರಶ್ನೆಗಳನ್ನು ಹೊಸದಾಗಿ ಕಟ್ಟುವ ಗೋಜಿಗೆ ಹೋಗಬೇಡಿ. ದುಡಿಯುವವರ ಮೈಕೈನೋವಿಗೆಂದೇ 1987ರಲ್ಲಿ ಪ್ರಕಟವಾದ ನಾರ್ಡಿಕ್ ಪ್ರಶ್ನಾವಳಿ ಇದೆ. ದೇಹದ ಒಂಬತ್ತು ಭಾಗಗಳಲ್ಲಿ ಕಳೆದ 12 ತಿಂಗಳು ಮತ್ತು ಕಳೆದ 7 ದಿನಗಳ ತೊಂದರೆಯನ್ನು ಕೇಳುತ್ತದೆ. ಅದನ್ನು ಕನ್ನಡಕ್ಕೆ ತಂದು, ಮೂಲವನ್ನು ನೋಡದ ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ, ಎರಡನ್ನೂ ಹೋಲಿಸಿ. ಆಮೇಲೆ ಅಧ್ಯಯನಕ್ಕೆ ಸೇರದ ಕೆಲವು ನೇಕಾರರ ಮುಂದೆ ಓದಿ.

ಕೊನೆಗೆ ಒಂದು ಪರೀಕ್ಷೆ. ಇಪ್ಪತ್ತು ಜನರನ್ನು ಇಬ್ಬರು ಬೇರೆ ಬೇರೆಯಾಗಿ ನೋಡಲಿ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣದಿರಲಿ. ಇಬ್ಬರ ತೀರ್ಮಾನ ಕಾಕತಾಳೀಯ ಹೊಂದಾಣಿಕೆಯನ್ನು ಮೀರಿ ಎಷ್ಟು ಹೊಂದುತ್ತದೆ ಎಂಬುದನ್ನು ‘ಕಪ್ಪಾ’ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಒಂದು ಎಂದರೆ ಪೂರ್ಣ ಹೊಂದಾಣಿಕೆ, 0.6ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಒಳ್ಳೆಯದೆಂದು ಎಣಿಸುತ್ತಾರೆ. ಕಡಿಮೆ ಬಂದರೆ ಯಾರನ್ನೂ ದೂರದೆ ಮತ್ತೆ ತರಬೇತಿ ಮಾಡಿ. ಹಿರಿಯ ವೈದ್ಯರೂ ಈ ಪರೀಕ್ಷೆಗೆ ಕೂರಬೇಕು.

6. ಊರಿಗೆ ಇಳಿದಾಗ

ಕಾಲ ನೋಡಿ ಹೊರಡಿ. ಹಬ್ಬದ, ಮದುವೆಯ ಬೇಡಿಕೆಯ ದಿನಗಳಲ್ಲಿ ನೇಕಾರರಿಗೆ ಪುರುಸೊತ್ತು ಇರುವುದಿಲ್ಲ, ಮಳೆಗಾಲದಲ್ಲಿ ಕುಣಿಗೆ ತೇವ ಹಿಡಿದು ಕೆಲಸವೇ ಏರುಪೇರಾಗುತ್ತದೆ. ಬೇರೆ ವಿಷಯಗಳಲ್ಲಿ ಕಬ್ಬಿನ ಹಂಗಾಮು ನೆನಪಿಡಿ. ಕಟಾವಿಗೆ ಗುಳೆ ಹೋದ ಮನೆಗಳಲ್ಲಿ ಮುದುಕರು, ಮಕ್ಕಳು ಮಾತ್ರ ಸಿಗುತ್ತಾರೆ, ಆ ಸಮೀಕ್ಷೆ ಊರಿನ ನಿಜ ಹೇಳುವುದಿಲ್ಲ.

ಅಪಾಯದ ಚಿಹ್ನೆ ಕಂಡರೆ ಯಾರು ಏನು ಮಾಡಬೇಕೆಂದು ಮೊದಲೇ ತೀರ್ಮಾನಿಸಿ. ರಕ್ತದೊತ್ತಡ 180/120 ದಾಟಿದ್ದು ಮರುಪರೀಕ್ಷೆಯಲ್ಲೂ ಇಳಿಯದಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು ಇದ್ದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ. ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕುಂದಿದ್ದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದ್ದರೆ ಅದು ತುರ್ತು. ಜ್ವರವೋ ಕಾರಣವಿಲ್ಲದ ತೂಕ ಇಳಿಕೆಯೋ ಇದ್ದರೂ ಪ್ರಶ್ನಾವಳಿ ಬದಿಗಿಟ್ಟು ವೈದ್ಯರ ಬಳಿ ಕಳಿಸಿ. ಯಾವ ಆಸ್ಪತ್ರೆ, ಯಾವ ವೈದ್ಯರು, ಯಾರ ಮೊಬೈಲ್ ಸಂಖ್ಯೆ ಎಂಬುದು ಪ್ರತಿ ಜೋಡಿಯ ಚೀಲದಲ್ಲಿರಲಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಆಶಾ ಕಾರ್ಯಕರ್ತೆಯರಿಗೆ ಸಂಬಳವಿಲ್ಲ, ಗೌರವಧನ ಮತ್ತು ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ ಮಾತ್ರ. ನಿಮ್ಮ ಅಧ್ಯಯನಕ್ಕೆ ಅವರು ಕೊಡುವ ದಿನ ಅವರ ದುಡಿಮೆಯ ದಿನ. ಅಂದಾಜು ವೆಚ್ಚದಲ್ಲಿ ಅವರ ಹಣವನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಊಟ, ಶಾಲು, ಪ್ರಮಾಣಪತ್ರ ಕೊಟ್ಟು ಮುಗಿಸುವುದು ಅನ್ಯಾಯ.

7. ದತ್ತಾಂಶ

ಕೋಬೊ ಟೂಲ್‌ಬಾಕ್ಸ್‌ನಂಥ ಉಚಿತ ತಂತ್ರಾಂಶದಲ್ಲಿ ಕನ್ನಡದಲ್ಲೇ ನಮೂನೆ ಮಾಡಬಹುದು, ನೆಟ್‌ವರ್ಕ್ ಇಲ್ಲದ ಕಡೆಯೂ ಮೊಬೈಲಿನಲ್ಲಿ ತುಂಬಬಹುದು. ಹೆಸರಿನ ಬದಲು ಸಂಕೇತ ಸಂಖ್ಯೆ. ಹೆಸರು ಮತ್ತು ಸಂಖ್ಯೆಯ ಪಟ್ಟಿ ಬೇರೆ ಕಡೆ, ಬೀಗದೊಳಗೆ. ಒಪ್ಪಿಗೆ ಪತ್ರದ, ವೈದ್ಯಕೀಯ ಚೀಟಿಯ ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸವನ್ನು ಮೊದಲ ದಿನವೇ ನಿಲ್ಲಿಸಿ. ವಾರಕ್ಕೊಮ್ಮೆ ಒಬ್ಬರು ಬಂದ ಮಾಹಿತಿಯನ್ನು ತೆರೆದು ನೋಡಲಿ, ತಪ್ಪು ಆಗಲೇ ಸಿಕ್ಕರೆ ಆ ಮನೆಗೆ ಮತ್ತೆ ಹೋಗಬಹುದು.

8. ಬರವಣಿಗೆ ಮತ್ತು ಲೇಖಕರ ಹೆಸರು

ತಂಡಗಳು ಒಡೆಯುವುದು ಹೆಚ್ಚಾಗಿ ಇಲ್ಲಿ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ನಾಲ್ಕು ಷರತ್ತುಗಳನ್ನು ಹಾಕಿದೆ: ಯೋಜನೆಯಲ್ಲಿ, ಮಾಹಿತಿ ಸಂಗ್ರಹದಲ್ಲಿ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲು, ಲೇಖನ ಬರೆಯುವುದರಲ್ಲಿ ಅಥವಾ ಆಳವಾಗಿ ತಿದ್ದುವುದರಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಇಡೀ ಕೆಲಸಕ್ಕೆ ಹೊಣೆ. ನಾಲ್ಕೂ ಇದ್ದವರು ಲೇಖಕರು, ಉಳಿದವರಿಗೆ ಕೃತಜ್ಞತೆಯ ಭಾಗದಲ್ಲಿ ಜಾಗ. ವಿಭಾಗದ ಮುಖ್ಯಸ್ಥರೆಂಬ ಕಾರಣಕ್ಕೆ ಸೇರುವ ಹೆಸರನ್ನು ಈ ನಿಯಮ ಒಪ್ಪುವುದಿಲ್ಲ.

ಆದರೆ ನಿಯಮವನ್ನು ತಿರುಚಿ ಬಳಸುವವರೂ ಇದ್ದಾರೆ. ತಿಂಗಳುಗಟ್ಟಲೆ ಮಾಹಿತಿ ಸಂಗ್ರಹಿಸಿದ ನರ್ಸ್‌ಗೆ ಕರಡನ್ನೇ ತೋರಿಸದೆ, ‘ನೀವು ಬರವಣಿಗೆಯಲ್ಲಿ ಭಾಗವಹಿಸಿಲ್ಲ’ ಎಂದು ಹೆಸರು ಬಿಡುತ್ತಾರೆ. ಮೊದಲ ಷರತ್ತು ಪೂರೈಸಿದ ಪ್ರತಿಯೊಬ್ಬರಿಗೂ ಬರೆಯುವ, ತಿದ್ದುವ ಅವಕಾಶ ಕೊಡಲೇಬೇಕೆಂದು ಅದೇ ಸಮಿತಿ ಸ್ಪಷ್ಟವಾಗಿ ಹೇಳಿದೆ. ಇಂಗ್ಲಿಷ್ ಬರವಣಿಗೆ ಕಷ್ಟವೆನ್ನುವವರು ಕನ್ನಡದಲ್ಲಿ ಟಿಪ್ಪಣಿ ಕೊಡಲಿ. ಅವರ ಮಾತು ಲೇಖನದಲ್ಲಿ ಬರುವಂತೆ ನೋಡಿಕೊಳ್ಳುವುದು ಇಂಗ್ಲಿಷ್ ಬಲ್ಲವರ ಕೆಲಸ. ಹಣ ಕಟ್ಟಿದರೆ ವಾರದಲ್ಲಿ ಅಚ್ಚು ಹಾಕುತ್ತೇವೆ ಎನ್ನುವ ಪತ್ರಿಕೆಗಳಿಂದ ದೂರವಿರಿ.

9. ಫಲಿತಾಂಶವನ್ನು ನೇಕಾರರಿಗೆ ಮರಳಿಸಿ

ಇದಕ್ಕೆ ಪತ್ರಿಕೆಯಲ್ಲಿ ಅಚ್ಚಾಗುವವರೆಗೆ ಕಾಯಬೇಕಿಲ್ಲ. ಯಾರ ಗುರುತೂ ಸಿಗದಂತೆ, ಒಂದೇ ಪುಟದಲ್ಲಿ, ದಪ್ಪ ಅಕ್ಷರದ ಕನ್ನಡದಲ್ಲಿ ಬರೆಯಿರಿ: ನೂರಕ್ಕೆ ಎಷ್ಟು ಜನರಿಗೆ ನೋವಿದೆ, ಯಾವ ಭಂಗಿಯವರಿಗೆ ಹೆಚ್ಚು, ಯಾವ ಮಾತ್ರೆಯನ್ನು ವೈದ್ಯರನ್ನು ಕೇಳದೆ ಮುಂದುವರಿಸಬಾರದು. ನೇಕಾರರ ಸಹಕಾರ ಸಂಘದಲ್ಲಿ ಒಂದು ಸಂಜೆ ಸಭೆ ಸೇರಿಸಿ. ಫಿಸಿಯೋಥೆರಪಿಸ್ಟ್ ಹಲಗೆಯ ಎತ್ತರ ಸರಿಪಡಿಸುವುದನ್ನೂ ಒಂದೆರಡು ವ್ಯಾಯಾಮಗಳನ್ನೂ ಮಾಡಿ ತೋರಿಸಲಿ, ಮಾತ್ರೆಗಳ ಬಗ್ಗೆ ಫಾರ್ಮಸಿಸ್ಟ್ ಹೇಳಲಿ, ನರ್ಸ್ ರಕ್ತದೊತ್ತಡ ನೋಡಲಿ. ಕಂಡಿಕೆ ಸುತ್ತುವ ಹೆಂಗಸರು ಬರಬಹುದಾದ ಹೊತ್ತು ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ ಸಮಯ ಗೊತ್ತುಮಾಡಿ. ಅದೇ ಪುಟದ ಪ್ರತಿಯನ್ನು ತಾಲೂಕು ಆರೋಗ್ಯಾಧಿಕಾರಿಗೆ ತಲುಪಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಸಭೆಯಲ್ಲಿ ನೇಕಾರರು ಎತ್ತಿದ ಪ್ರಶ್ನೆಗಳನ್ನು ನಿರ್ಣಯ ಪುಸ್ತಕದಲ್ಲಿ ಬರೆದುಕೊಳ್ಳಿ. ಮುಂದಿನ ಅಧ್ಯಯನದ ಮೊದಲ ಸಭೆಗೆ ಆ ಹಾಳೆಯನ್ನು ತೆಗೆದುಕೊಂಡು ಹೋಗಿ.